ಬ್ಯಾರನ್ ಒಲೆಯ ಕಡೆಗೆ

ಹನಗೋಡು, 2 ಆಗಸ್ಟ್ 2023, ಬುಧವಾರ

ಯಜಮಾನರ ಮೇಲೆ ಅಷ್ಟು ಜೋರಾಗಿ ಕೂಗಬಾರದಿತ್ತು. ಅದೇ ಕೊರೆಯುತ್ತಿದೆ.

ಎರಡು ವರ್ಷದ ಹಿಂದೆ ಕೋವಿಡ್ ಬಂದು ಹೋದ ಮೇಲೆ ಇವರ ತಲೆಗೆ ಮಂಕು ಕವಿದಂತಾಗಿದೆ. ಹೋದ ತಿಂಗಳು ತಂಬಾಕು ಸೊಪ್ಪು ಬೇಯಿಸಿ ಒಣಗಿಸುವ ಬ್ಯಾರನ್ ಕೋಣೆಗೆ ಶಾಖ ಏರಿಸುವುದನ್ನು ಮರೆತರು, ಸೊಪ್ಪೆಲ್ಲ ಕಪ್ಪಾಯಿತು. ಅಂದಿನಿಂದ ಬೆಂಕಿ ನೋಡುವ ಕೆಲಸ ನನ್ನದು. ಇವರ ಮರೆವಿಗೆ ಹುಣಸೂರಿನ ಡಾಕ್ಟರಮ್ಮ ಒಂದು ನಡಿಗೆ ಹೇಳಿಕೊಟ್ಟಿದ್ದಾರೆ. ಹೆಗಲಿಗೆ ಸಣ್ಣ ಆಕ್ಸಿಜನ್ ಸಿಲಿಂಡರ್, ಮೂಗಿಗೆ ಪೈಪು, ಅಂಗಳದಲ್ಲಿ ಬಿರುಸಾಗಿ ಇಪ್ಪತ್ತು ಸುತ್ತು. "ಗುಣ ಆಗೇ ಆಗುತ್ತೆ ಅನ್ನಲ್ಲ, ಮಾಡಿ ನೋಡೋಣ. ಆಕ್ಸಿಜನ್ ಹಾಕ್ಕೊಂಡು ಬೆಂಕಿ ಹತ್ರ ಮಾತ್ರ ಹೋಗಬೇಡಿ" ಅಂದಿದ್ದರು.

ಇವತ್ತು ಸಂಜೆ ಜಗಲಿಯಲ್ಲಿ ಕೂತು ಸುತ್ತು ಎಣಿಸುತ್ತಿದ್ದೆ. ಹದಿನಾಲ್ಕನೆಯದಕ್ಕೆ ಇವರು ತಿರುಗಲೇ ಇಲ್ಲ. ನೋಡಿದರೆ ಪೈಪಿನ ಸಮೇತ ಬ್ಯಾರನ್ ಒಲೆಯ ಕಡೆ ನಡೆದಿದ್ದಾರೆ, ಕೈಯಲ್ಲಿ ಸೌದೆ! ಓಡಿಹೋಗಿ ರಟ್ಟೆ ಹಿಡಿದು ಎಳೆದೆ.

"ಸುಟ್ಟೋಗ್ತಿದ್ರಿ ಕಣ್ರೀ! ಬುದ್ಧಿ ಇಲ್ವಾ?"

"ಸೊಪ್ಪು ಹಳದಿ ತಿರುಗಿರ್ತದೆ ಕಣೇ. ಶಾಖ ಏರಿಸೋ ಹೊತ್ತಾಯ್ತು, ಅದ್ಕೇ..."

"ಬುಡಿ, ನಿಮ್ಗ್ಯಾಕೆ ಅದೆಲ್ಲ?" ಅಂದುಬಿಟ್ಟೆ. ತಲೆ ತಗ್ಗಿಸಿ ಒಳಗೆ ಹೋದರು.

ಸೌದೆ ನಾನೇ ಹಾಕಿ ಬಂದೆ. ಹಾಸಿಗೆಗೆ ಬಂದ ಮೇಲೆ ಹೊಳೆಯಿತು. ಶಾಖ ಏರಿಸುವ ಹೊತ್ತು ಆಗಿದ್ದದ್ದು ನಿಜ. ಸುತ್ತು ಎಣಿಸುತ್ತಾ ಮರೆತಿದ್ದವಳು ನಾನು. ಯಾರೂ ಹೇಳದೆ ನೆನೆಸಿಕೊಂಡವರು ಇವರು, ಎರಡು ವರ್ಷದಲ್ಲಿ ಮೊದಲ ಸಲ.

ನೀವು ಹೇಳಿದ್ದೇ ಸರಿ ಅಂತ ಬೆಳಿಗ್ಗೆ ಹೇಳೋಣವೆಂದರೆ, ಅಷ್ಟರಲ್ಲಿ ಇವರಿಗೇ ಇದು ಮರೆತುಹೋಗಿದ್ದರೆ? ಬೇಡ, ಈಗಲೇ ಎಬ್ಬಿಸುತ್ತೇನೆ.