ನೂರಕ್ಕೆ ನಲವತ್ತಾರು

ಮಾರ್ಚ್ ೧೧, ಮಂಗಳವಾರ

ನನ್ನ ಪುಟ್ಟಿಗೆ,

ನಿನ್ನ ಕಾಗದ ತಲುಪಿತು. ಅಪ್ಪನನ್ನು ಹೊಸ ಔಷಧಿಯ ಪ್ರಯೋಗಕ್ಕೆ ಸೇರಿಸಿಕೊಳ್ಳದೆ ಕೈಬಿಟ್ಟ ಡಾಕ್ಟರ ಮೇಲೆ ದೂರು ಬರೆದಿದ್ದೀಯ, ನಾನೂ ಸಹಿ ಹಾಕಬೇಕು ಎಂದಿದ್ದೀಯ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನಿನ್ನ ಕಾಗದ ಓದಿ ನಾನೂ ಹಾಗೇ ಮಾಡಿದೆ. ಸಹಿ ಹಾಕಲಾರೆ. ಯಾಕೆಂದು ಹೇಳುತ್ತೇನೆ, ಪೂರ್ತಿ ಓದುವ ತನಕ ಸಿಟ್ಟು ತಡೆದುಕೋ.

ನಿನಗೆ ಗೊತ್ತಿರುವಂತೆ ನನ್ನ ಕೆಲಸವೆಂದರೆ ರೋಗಿಗಳ ಮೈಯಿಂದ ತೆಗೆದು ಗಾಜಿನ ಮೇಲಿಟ್ಟ ತುಣುಕಿಗೆ ಬಣ್ಣ ಹಚ್ಚುವುದು. ಅದು ಅರ್ಧ ಮಾತ್ರ, ಉಳಿದರ್ಧ ಎಣಿಸುವುದು. ನಮ್ಮ ಮೈಯ ಜೀವಕೋಶಗಳು ತಮ್ಮೊಳಗಿನ ಹಳೆಯ ಸಾಮಾನನ್ನು ತಾವೇ ತಿಂದು ಅರಗಿಸುತ್ತವೆ. ಒಳಗಿನ ಚೂರುಗಳನ್ನು ಹೊರಗೋಡೆಯ ಗೂಟಕ್ಕೆ ನೇತುಹಾಕುತ್ತವೆ. ಕಾವಲು ಕೋಶಗಳು ಸುತ್ತಾಡುತ್ತ ಆ ಚೂರು ನೋಡಿ, ಒಳಗೆ ಕೇಡಿದ್ದರೆ ಕೋಶವನ್ನೇ ಕೊಲ್ಲುತ್ತವೆ. ಅಪ್ಪನ ಮೇದೋಜೀರಕ ಗ್ರಂಥಿಯಲ್ಲಿ ಬೆಳೆದಂಥ ಗಡ್ಡೆಗಳು ಆ ಗೂಟವನ್ನೇ ಕಿತ್ತು ನುಂಗಿಬಿಡುತ್ತವೆ. ಕಾವಲಿನವರಿಗೆ ಕಾಣುವುದು ಬರಿ ಗೋಡೆ. ಈ ನುಂಗುವುದನ್ನು ತಡೆಯುವುದೇ ಹೊಸ ಔಷಧಿಯ ಕೆಲಸ. ಹಾಗಾಗಿ ನುಂಗಿದ್ದು ಖಚಿತವಾದವರಿಗೆ ಮಾತ್ರ ಕೊಡುತ್ತಾರೆ. ನೂರು ಕೋಶ ಎಣಿಸಿದರೆ ಐವತ್ತರಲ್ಲಾದರೂ ಗೂಟಕ್ಕೆ ಹಚ್ಚಿದ ಕೆಂಪು ಬಣ್ಣ ಕೋಶದ ಒಳಗೆ ಕಾಣಬೇಕು. ಎಣಿಸುವವಳು ನಾನು.

ಗಾಜಿನ ಮೇಲೆ ಹೆಸರಿರುವುದಿಲ್ಲ, ನಂಬರು ಅಷ್ಟೆ. ಆದರೆ ಅಪ್ಪನ ಗಡ್ಡೆಯಿಂದ ಚೂರು ತೆಗೆದ ವಾರ ಬಂದ ಮೇದೋಜೀರಕದ ತುಣುಕು ಒಂದೇ. ಮನೆಯವರದ್ದೆಂದು ಅನುಮಾನ ಬಂದರೂ ಪಕ್ಕದ ಮೇಜಿಗೆ ದಾಟಿಸಬೇಕು, ಅದು ನಿಯಮ. ದಾಟಿಸಲಿಲ್ಲ. ಪಕ್ಕದ ಮೇಜಿನವಳು ಅವಸರದವಳು, ಅಪ್ಪನ ಗಾಜನ್ನು ಅವಳ ಕೈಗೆ ಕೊಡಲು ಮನಸ್ಸು ಬರಲಿಲ್ಲ. ಲ್ಯಾಬಿನಲ್ಲಿ ನನಗೆ ತಕ್ಕಡಿಯಮ್ಮ ಎಂಬ ಅಡ್ಡಹೆಸರಿದೆಯಲ್ಲ, ಆ ಜಂಬವೂ ಇತ್ತು. ಗಂಡನೆಂದು ಒಂದು ಕೋಶವನ್ನೂ ಹೆಚ್ಚಿಗೆ ಎಣಿಸಬಾರದು ಎಂದು ಹಲ್ಲು ಕಚ್ಚಿ ಕೂತೆ. ಮಸುಕಾಗಿ ಕಂಡದ್ದನ್ನೆಲ್ಲ ಬಿಟ್ಟೆ. ಬೇರೆ ಯಾರದೋ ಆಗಿದ್ದರೆ ಅವನ್ನೂ ಎಣಿಸುತ್ತಿದ್ದೆ ಪುಟ್ಟಿ, ಇಪ್ಪತ್ತಾರು ವರ್ಷ ಹಾಗೇ ಎಣಿಸಿದ್ದೇನೆ. ನಲವತ್ತಾರು ಎಂದು ಬರೆದೆ. ಡಾಕ್ಟರು ಅದನ್ನು ನಂಬಿದರು, ಅವರು ಮಾಡಿದ್ದು ಅಷ್ಟೇ.

ಹೋದ ತಿಂಗಳು ಹಳೆಯ ಗಾಜುಗಳ ಮರುಪರೀಕ್ಷೆ ನಡೆಯಿತು. ಅಪ್ಪನದು ಪಕ್ಕದ ಮೇಜಿನವಳ ಪಾಲಿಗೆ ಬಂತು. ಅವಳಿಗೆ ಅರವತ್ತೊಂದು ಸಿಕ್ಕಿತು. ನಾನೂ ಮತ್ತೆ ನೋಡಿದೆ. ಅವಳದೇ ಸರಿ.

ಔಷಧಿ ಸಿಕ್ಕಿದ್ದರೆ ಅಪ್ಪ ಬದುಕುತ್ತಿದ್ದರೋ ಇಲ್ಲವೋ, ನನಗೆ ಗೊತ್ತಿಲ್ಲ. ಸಿಕ್ಕ ಹನ್ನೊಂದು ಜನರಲ್ಲಿ ಮೂವರು ಉಳಿದಿದ್ದಾರೆ. ಅವರಲ್ಲೊಬ್ಬ ತಿಂಗಳಿಗೊಮ್ಮೆ ರಕ್ತಪರೀಕ್ಷೆಗೆ ಬಂದು ನಮ್ಮ ಬಾಗಿಲ ಬಳಿಯ ಬೆಂಚಿನಲ್ಲಿ ಕೂತು ಪೇಪರ್ ಓದುತ್ತಾನೆ. ಅವನನ್ನು ಕಂಡರೆ ಹೊಟ್ಟೆ ಉರಿಯುತ್ತದೆ. ಆಮೇಲೆ ನಾಚಿಕೆಯಾಗುತ್ತದೆ.

ಅಪ್ಪ ಯಾರ ಬಟ್ಟೆ ಹೊಲಿದರೂ ಒಳಗೆ ಒಂದಿಂಚು ಮಡಿಚಿ ಬಿಡುತ್ತಿದ್ದರು, ಮೈ ದಪ್ಪವಾದರೆ ಬಿಚ್ಚಿಕೊಳ್ಳಲಿ ಎಂದು. ಅವರಿಗೆ ನಾನು ಅಷ್ಟನ್ನೂ ಬಿಡಲಿಲ್ಲ.

ನಾಳೆ ಲ್ಯಾಬಿನ ಮುಖ್ಯಸ್ಥರಿಗೆ ಎಲ್ಲವನ್ನೂ ಬರೆದುಕೊಡುತ್ತೇನೆ. ನೀನು ದೂರಿನಲ್ಲಿ ಡಾಕ್ಟರ ಹೆಸರು ಹೊಡೆದು ನನ್ನದನ್ನು ಬರೆ. ಆಗ ಸಹಿ ಹಾಕುತ್ತೇನೆ. ಇನ್ನು ನೀನು ನನಗೆ ಕಾಗದ ಬರೆಯದಿದ್ದರೂ ಯಾಕೆಂದು ಕೇಳುವುದಿಲ್ಲ.

ಕ್ಷಮೆ ಕೇಳಲು ಮುಖವಿಲ್ಲದ,
ನಿನ್ನ ಅಮ್ಮ

ತಾ.ಕ.: ಒಂದನ್ನು ಬರೆಯದೆ ಬಿಟ್ಟಿದ್ದೆ. ಪ್ರಯೋಗಕ್ಕೆ ಸೇರಿಸಿಕೊಳ್ಳಲಿಲ್ಲವೆಂದು ತಿಳಿದ ದಿನ ಅಪ್ಪ, ತಮ್ಮ ಗಾಜನ್ನು ನಾನೇ ನೋಡಿದೆನಾ ಎಂದು ಕೇಳಿದರು. ಮನೆಯವರದ್ದನ್ನು ನೋಡುವಂತಿಲ್ಲ, ಬೇರೆಯವರು ನೋಡಿದರು ಎಂದೆ. ಅವರು ಸೂಜಿಗೆ ದಾರ ಪೋಣಿಸಿದರು. ಆಮೇಲೆ ಹೇಳಿದರು: "ನೀನೇ ನೋಡಿದ್ರೆ ಚೆನ್ನಾಗಿತ್ತು. ನೀನಾಗಿದ್ರೆ ನನ್ನ ಬಿಟ್ಟುಕೊಡ್ತಿರ್ಲಿಲ್ಲ."