ಹೆಪ್ಪುಗಟ್ಟದ ಹಾಲು

ಅತ್ತೆ,

ರಾತ್ರಿ ಎರಡು ಗಂಟೆಗೆ ಪರಪರ ಕೆರೆದುಕೊಳ್ಳುವ ಸದ್ದು ಕೇಳಿ ಎದ್ದೆ. ಇಂಚರಳ ಮೈತುಂಬ ದದ್ದು, ತುಟಿ ಊದಿದೆ. "ಅಜ್ಜಿ ಸಕ್ರೆ ಹಾಕಿ ಹಾಲು ಕೊಟ್ರು" ಎಂದಳು. ಅಡುಗೆಮನೆಗೆ ಹೋಗಿ ನೋಡಿದೆ. ನೀವು ಹೆಪ್ಪು ಹಾಕಿದ ಹಾಲು ಮೊಸರಾಗದೆ ಹಾಗೇ ಇದೆ. ಹಸುವಿಗೆ ಕೊಟ್ಟ ಮದ್ದು ಹಾಲಿಗಿಳಿದರೆ ಹೆಪ್ಪು ಹಿಡಿಯುವುದಿಲ್ಲ. ಅದು ಕೆಂದಿಯ ಹಾಲೇ.

ಕೆಂದಿಯ ಕೆಚ್ಚಲುಬಾವಿಗೆ ಕೊಡುತ್ತಿರುವುದು ಸೆಫ್ಟ್ರಿಯಾಕ್ಸೋನ್. ಹೋದ ವರ್ಷ ಮಗುವಿನ ಮೈಗೆ ಒಗ್ಗದೆ ಹೋದದ್ದೂ ಅದೇ ಇಂಜೆಕ್ಷನ್. ಹಾಲು ಚೆಲ್ಲಿ ಎಂದು ದನದ ಡಾಕ್ಟರು ಎಷ್ಟು ಹೇಳಿದರು! "ಆಲ ಮಣ್ಣಿಗುಯ್ಬಾರ್ದು ಕಣವ್ವಾ, ಪಾಪ ಸುತ್ಕತದೆ" ಅಂದಿರಿ. ನಾನೇ ನಿಂತು ಚೆಲ್ಲಬೇಕಿತ್ತು.

ದೇವರಾಜುವಿನ ಆಟೋ ಬರುವಷ್ಟರಲ್ಲಿ ಇದನ್ನು ಬರೆಯುತ್ತಿದ್ದೇನೆ. ಯಳಂದೂರು ಆಸ್ಪತ್ರೆಗೆ ಹೋಗುತ್ತೇವೆ. ಮಗುವಿನ ಉಸಿರು ಸುಂಯ್‌ಗುಡುತ್ತಿದೆ. ನಿದ್ದೆ ಮಾತ್ರೆ ನುಂಗಿ ಮಲಗಿದ್ದೀರಿ, ಎಬ್ಬಿಸಲಿಲ್ಲ.

ಉಳಿದ ಹಾಲನ್ನು ತಿಪ್ಪೆಗೆ ಸುರಿಯಿರಿ. ಬೆಳಿಗ್ಗೆ ಕೆಂದಿಯ ಹಾಲನ್ನು ಬೇರೆ ಕರೆಯಿರಿ, ಡೇರಿ ಕ್ಯಾನಿಗೆ ಬೆರೆಸಬೇಡಿ. ತಿಂಡಿ ತಿನ್ನದೆ ಕೂರಬೇಡಿ.

ಡಾಕ್ಟರಿಗೆ ಹಾಲಿನ ವಿಷಯ ಹೇಳಲೇಬೇಕು. ಕೊಟ್ಟವರು ಯಾರೆಂದು ಕೇಳಿದರೆ, ನಾನೇ ಮರೆತು ಕೊಟ್ಟೆ ಎನ್ನುತ್ತೇನೆ. ನಿಮ್ಮ ಮಗನಿಗೂ ನಿಜ ಹೇಳುವುದಿಲ್ಲ. ಓದಿದ ಮೇಲೆ ಈ ಚೀಟಿಯನ್ನು ಒಲೆಗೆ ಹಾಕಿ.

ನಾಗಶ್ರೀ