ವೃಂದಾಳಿಗೆ ಯಾವ ಆಮೆ

ನವಲಗುಂದ
೧೪ ಏಪ್ರಿಲ್ ೨೦೨೫

ಚಿರಂಜೀವಿ ವಿಜಯೀಂದ್ರನಿಗೆ ಅಕ್ಕನ ಆಶೀರ್ವಾದ.

ನೀನು ಕೇಳಿ ಮೂರು ವಾರವಾಯಿತು, ತಡವಾದದ್ದಕ್ಕೆ ಬೇಜಾರಾಗಬೇಡ. ಫೋನಿನಲ್ಲಿ ಕೇಳಿದ್ದಕ್ಕೆ ಕಾಗದ ಬರೆಯುವ ಮುದುಕಿ ಎಂದು ನಗಲೂಬೇಡ. ನಿಮ್ಮ ಮನೆಯಲ್ಲಿ ಫೋನೆತ್ತಿದರೆ ಸ್ಪೀಕರ್ ಹಾಕುತ್ತೀರಿ, ವೃಂದಾ ನಡುವೆ ಬಾಯಿ ಹಾಕುತ್ತಾಳೆ. ನಾನು ಹೇಳಬೇಕಾದದ್ದರಲ್ಲಿ ಒಂದು ಮಾತು ನಿನಗೊಬ್ಬನಿಗೇ ಇದೆ. ಅದನ್ನು ಬರೆಯಲಾರದೆ ಎರಡು ಹಾಳೆ ಹರಿದು ಹಾಕಿದೆ.

ಮೊದಲು ಮೊಮ್ಮಗಳ ಕೆಲಸ. ಎಂಟನೆಯ ಹುಟ್ಟುಹಬ್ಬಕ್ಕೆ ಆಮೆ ಬೇಕಂತಾಳೆ, ಮಿಶ್ರಿಕೋಟಿಯ ಹವೆಗೆ, ನಮ್ಮ ಮನೆಗೆ ಯಾವುದು ಒಗ್ಗುತ್ತದೆ ಎಂದು ನೀನು ಕೇಳಿದೆ. ಮೂವತ್ತು ವರ್ಷ ವಿಜ್ಞಾನ ಕಲಿಸಿದವಳು ಸುಮ್ಮನೆ ಬಿಡುವುದುಂಟೇ? ವಿಚಾರಿಸಿದೆ. ಹುಬ್ಬಳ್ಳಿಯಲ್ಲಿ ನೀನು ನೋಡಿ ಬಂದ, ಕಿವಿಯ ಹತ್ತಿರ ಕೆಂಪು ಪಟ್ಟಿ ಇರುವ ಹಸಿರು ಮರಿ ನೀರಿನದು. ಈಗ ಅಂಗೈಯಲ್ಲಿ ಕೂರುತ್ತದೆ, ಕೆಲವು ವರ್ಷದಲ್ಲಿ ಊಟದ ತಾಟಿನಷ್ಟಾಗುತ್ತದೆ. ನೀರು ಬದಲಿಸುತ್ತಲೇ ಇರಬೇಕು, ಇಲ್ಲದಿದ್ದರೆ ಮನೆ ತುಂಬ ನಾತ. ನೀನೋ ಸ್ವಂತ ಬನೀನು ಹಿಂಡದವನು, ಆ ಕೆಲಸ ನಿನ್ನ ಹೆಂಡತಿಯ ಕೊರಳಿಗೇ ಬೀಳುತ್ತದೆ. ಸಾಕಾಯಿತೆಂದು ಕೆರೆಗೆ ಬಿಟ್ಟರೆ ಅಲ್ಲಿಯ ಆಮೆಗಳ ತುತ್ತಿಗೆ ಸಂಚಕಾರ.

ಇನ್ನು ಉಳಿದದ್ದು ಬೆನ್ನ ಮೇಲೆ ಹಳದಿ ನಕ್ಷತ್ರವಿರುವ, ಹೊಲದ ಬದುವಿನ ಆಮೆ. ಅದು ನೆಲದ್ದು, ಒಣ ಹವೆಯದು. ಮಳೆಗಾಲದಲ್ಲಿ ತೂಗುಹಾಕಿದ ಛತ್ರಿಗೂ ಬೂಸ್ಟು ಹಿಡಿಯುವ ನಿಮ್ಮ ಕಡೆ ಅದಕ್ಕೆ ಶೀತವಾಗಿ ಮೂಗು ಸೋರುತ್ತದೆ. ಅದೂ ಹೋಗಲಿ, ಮನೆಯಲ್ಲಿ ಸಾಕುವುದೇ ಅಪರಾಧ. ನನ್ನ ಹಳೆಯ ವಿದ್ಯಾರ್ಥಿ ಮಾಳಿಂಗರಾಯ ಅರಣ್ಯ ಇಲಾಖೆಯಲ್ಲಿದ್ದಾನೆ. ಕೇಳಿದರೆ, "ಅಕ್ಕೋರ, ಇಟಗೊಂಡ್ರ ನಿಮ್ಮ ತಮ್ಮಾರ ಮನಿಗೆ ನಾನ ಬರಬೇಕಾಗತೈತ್ರಿ," ಅಂದ. ಆದ್ದರಿಂದ ಯಾವುದೂ ಬೇಡ. ಮೊದಲ ಮಳೆಯಾದ ಮೇಲೆ ವೃಂದಾಳನ್ನು ಇಲ್ಲಿಗೆ ಕಳಿಸು. ಬದುವಿನಲ್ಲಿ ಆಮೆ ಮೇಯಲು ಹೊರಬಿದ್ದರೆ ದೂರದಿಂದ ತೋರಿಸುತ್ತೇನೆ.

ಈಗ ಆ ಮಾತು. ಫೋನಿಡುವ ಮೊದಲು ನೀನು, "ವೃಂದಾ ನನ್ನಂಗ ಬಾಗಲಾ ತಗದಿಟ್ಟು ಕಳಕೋಬಾರದು ಅಕ್ಕಾ," ಅಂದೆ. ಅಂದಿನಿಂದ ನನಗೆ ಊಟ ಸೇರುತ್ತಿಲ್ಲ. ಐವತ್ತೈದು ವರ್ಷದ ಹಿಂದೆ ತಿರ್ಲಾಪುರದ ಮನೆಯಲ್ಲಿ ನೀನು ಬುಟ್ಟಿಯ ಕೆಳಗೆ ಸಾಕಿದ್ದ ನಕ್ಷತ್ರದ ಆಮೆ ಒಂದು ಮುಂಜಾನೆ ಇರಲಿಲ್ಲ. ಹಿತ್ತಲ ಬಾಗಿಲು ತೆರೆದಿತ್ತು. ನೀನೇ ತೆರೆದಿಟ್ಟೆ ಎಂದು ಅವ್ವ ಬೈದಳು, ಏಳು ವರ್ಷದವನು ನೀನು ಹೌದೆಂದು ಒಪ್ಪಿಕೊಂಡೆ.

ತೆರೆದವಳು ನಾನು. ಬಾವಿಯಲ್ಲಿ ಆಮೆಯಿದ್ದರೆ ಹುಳ ತಿಂದು ನೀರು ಸ್ವಚ್ಛ ಇಡುತ್ತದೆ ಎಂದು ಓಣಿಯವರೆಲ್ಲ ಹೇಳುತ್ತಿದ್ದರು. ಗೌರಕ್ಕನ ಬಾವಿಯಲ್ಲಿ ಒಂದಿತ್ತು. ಅದು ನೀರಿನದು, ನಿನ್ನದು ನೆಲದ್ದು ಎಂದು ಹನ್ನೊಂದು ವರ್ಷದ ನನಗೆ ತಿಳಿಯಲಿಲ್ಲ. ಬುಟ್ಟಿಯ ಕೆಳಗೆ ಬೇಯುವ ಬದಲು ತಂಪಾಗಿರಲಿ ಎಂದು ನಸುಕಿನಲ್ಲೇ ನಮ್ಮ ಬಾವಿಗೆ ಬಿಟ್ಟೆ. ಅವ್ವನ ಸಿಟ್ಟು ನೋಡಿ ಬಾಯಿ ಕಟ್ಟಿತು. ಸಂಜೆ ಅದು ಸತ್ತು ತೇಲಿತು. ಕೊಡದಲ್ಲಿ ಎತ್ತಿ, ಯಾರೂ ನೋಡದಂತೆ ಹಿತ್ತಲಲ್ಲಿ ಹುಗಿದೆ. ಅಳುತ್ತಿದ್ದ ನಿನಗೆ ಬೆಲ್ಲ ಕೊಟ್ಟೆ, ನಿಜ ಕೊಡಲಿಲ್ಲ.

ತಪ್ಪು ನಿನ್ನದಲ್ಲ ವಿಜ್ಯಾ. ಈಗಲೂ ಮಲಗುವ ಮುನ್ನ ಮೂರು ಸಲ ಚಿಲಕ ನೋಡುತ್ತೀಯೆಂದು ನಿನ್ನ ಹೆಂಡತಿ ನಗುತ್ತಾಳೆ. ನನಗೆ ನಗು ಬರುವುದಿಲ್ಲ.

ನಿಮ್ಮೆಲ್ಲರಿಗೂ ದೇವರು ಒಳ್ಳೆಯದು ಮಾಡಲಿ. ಸಿಟ್ಟು ಬಂದರೆ ಫೋನಿನಲ್ಲಿ ಬೇಡ, ಇಲ್ಲಿಗೇ ಬಂದು ಬೈದು, ಊಟ ಮಾಡಿಕೊಂಡು ಹೋಗು.

ನಿನ್ನ ಅಕ್ಕ
ಅನ್ನಪೂರ್ಣಾ

ತಾ.ಕ.: ಇಷ್ಟು ಬರೆದೂ ಒಂದನ್ನು ಬಚ್ಚಿಟ್ಟಿದ್ದೆ. ಅಂದು ಮಧ್ಯಾಹ್ನದವರೆಗೂ ಅದು ಬದುಕಿತ್ತು. ನಾಲ್ಕು ಸಲ ನೀರಿಗೆ ಹೋದೆ. ಕೊಡ ಇಳಿಸಿದಾಗೆಲ್ಲ ಕಾಲು ಬಡಿಯುತ್ತ ಕೊಡದ ಹತ್ತಿರವೇ ಬರುತ್ತಿತ್ತು. ಆಡಲಿಕ್ಕೆ ಬರುತ್ತದೆ ಎಂದುಕೊಂಡು, ಕೊಡವನ್ನು ಆಚೆ ಸರಿಸಿ ನೀರು ಸೇದಿದೆ. ಬಣವೆಯ ಸುತ್ತ ನೀನು ಅದನ್ನು ಕರೆಯುತ್ತಿದ್ದದ್ದು ಬಾವಿಕಟ್ಟೆಗೆ ಕೇಳಿಸುತ್ತಿತ್ತು.